ಕೆರೆದಂಡೆಯ ಒಂದೇ ಕಡ್ಡಿಯ ಮುಂದೆ: ಕ್ಲಬ್‌ಟೇಲ್ ಏರೋಪ್ಲೇನ್ ಚಿಟ್ಟೆಯನ್ನು ಗಮನಿಸುವ ಕ್ರಮ

ಬಯಲುಸೀಮೆಯ ಕೆರೆಗಳ ದಂಡೆಯಲ್ಲಿ, ನೀರಿನತ್ತ ಚಾಚಿಕೊಂಡ ಒಣರೆಂಬೆಯ ತುದಿಯಲ್ಲಿ, ಕಪ್ಪು ಮೈಯ ಮೇಲೆ ಹಳದಿ ಪಟ್ಟೆಗಳಿರುವ ದೊಡ್ಡ ಏರೋಪ್ಲೇನ್ ಚಿಟ್ಟೆಯೊಂದು ನೀರಿಗೆ ಮುಖಮಾಡಿ ಕುಳಿತಿರುವುದನ್ನು ನೀವು ನೋಡಿರಬಹುದು. ಕೀಟಪ್ರಿಯರು ಇದನ್ನು ಕಾಮನ್ ಕ್ಲಬ್‌ಟೇಲ್ ಎನ್ನುತ್ತಾರೆ. ಇದರ ವೈಜ್ಞಾನಿಕ ಹೆಸರು ಇಕ್ಟಿನೋಗೊಂಫಸ್ ರಾಪಾಕ್ಸ್. ಫ್ರಾನ್ಸಿನ ಕೀಟಶಾಸ್ತ್ರಜ್ಞ ರಾಂಬ್ಯೂರ್ 1842ರಲ್ಲಿ ಇದನ್ನು ಮೊದಲು ವಿವರಿಸಿದರು. ಭಾರತದ ಬಹುಭಾಗದಲ್ಲಿ, ಶ್ರೀಲಂಕಾದಲ್ಲಿ, ನೇಪಾಳದಲ್ಲಿ ಹಾಗೂ ಪೂರ್ವಕ್ಕೆ ಮ್ಯಾನ್ಮಾರ್‌ನತ್ತ ಇದು ಸಾಮಾನ್ಯವಾಗಿ ಕಾಣುವ ಪ್ರಭೇದವಾಗಿದ್ದು, ಅಳಿವಿನ ಅಪಾಯದ ಪಟ್ಟಿಯಲ್ಲಿ ಇಲ್ಲ. ಅಪರೂಪದ ಕೀಟವನ್ನು ಹುಡುಕಿಕೊಂಡು ಹೋಗುವ ಬದಲು, ಊರ ಕೆರೆಯಲ್ಲೇ ಸಿಗುವ ಈ ಜೀವಿಯ ಬದುಕನ್ನು ಮೊಟ್ಟೆಯಿಂದ ಮುಪ್ಪಿನವರೆಗೆ ಹಂತಹಂತವಾಗಿ ಗಮನಿಸುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಪೈಕಿ ಹೊಸಬರು ಇದರಿಂದಲೇ ಆರಂಭಿಸಬೇಕೆಂದು ನಾನು ಹೇಳಲು ಕಾರಣ ಒಂದೇ: ಇದು ಕೂರುತ್ತದೆ. ಇಷ್ಟೇ ಗಾತ್ರದ ಹಲವು ಬಗೆಗಳು ಬೆಳಗಿನಿಂದ ಸಂಜೆಯವರೆಗೆ ನೀರಿನ ಮೇಲೆ ಗಸ್ತು ತಿರುಗುತ್ತಲೇ ಇರುತ್ತವೆ. ಅವುಗಳ ಬೆನ್ನುಹತ್ತಿದವರಿಗೆ ಕುತ್ತಿಗೆನೋವಿನ ಹೊರತು ಹೆಚ್ಚೇನೂ ದಕ್ಕುವುದಿಲ್ಲ. ಕ್ಲಬ್‌ಟೇಲ್ ಮಾತ್ರ ತನಗೆ ಒಪ್ಪಿದ ಒಂದು ಕಡ್ಡಿಯನ್ನು ಆಯ್ದುಕೊಂಡು, ಅಲ್ಲಿಂದ ಹಾರಿ, ಮತ್ತೆ ಅಲ್ಲಿಗೇ ಮರಳುತ್ತದೆ. ಆದ್ದರಿಂದ ಕೆರೆಯನ್ನೆಲ್ಲ ಸುತ್ತುವ ಅಗತ್ಯವಿಲ್ಲ. ಒಂದು ಕಡ್ಡಿಯನ್ನು ಗೊತ್ತುಮಾಡಿಕೊಂಡು ಅದರ ಮುಂದೆ ತಾಳ್ಮೆಯಿಂದ ಕುಳಿತರೆ, ಬೇಟೆ, ಜಗಳ, ಕೂಡುವಿಕೆ, ಬಿಸಿಲಿನಿಂದ ತಪ್ಪಿಸಿಕೊಳ್ಳುವ ಬಗೆ ಇವೆಲ್ಲ ಕಣ್ಣೆದುರಿಗೇ ನಡೆಯುತ್ತವೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಕಡ್ಡಿಯ ಸುತ್ತಲೇ ಇವೆ.

ಕೆರೆ ಮತ್ತು ಹೊತ್ತಿನ ಆಯ್ಕೆ

ಮೊದಲು ಸರಿಯಾದ ದಂಡೆಯನ್ನು ಹುಡುಕಬೇಕು. ನಿಂತ ಅಥವಾ ನಿಧಾನವಾಗಿ ಹರಿಯುವ ನೀರು, ಅಂಚಿನಲ್ಲಿ ಜೊಂಡು ಅಥವಾ ಆಪು, ನೀರಿನ ಮೇಲೆ ತಾವರೆ, ನೈದಿಲೆಯಂತಹ ತೇಲುವ ಎಲೆಗಳು, ತಳದಲ್ಲಿ ಸ್ವಲ್ಪ ಹೂಳು ಮತ್ತು ಕೊಳೆತ ಎಲೆ, ಮತ್ತು ಬಹುಮುಖ್ಯವಾಗಿ ನೀರಿನ ಮೇಲೆ ಬಾಗಿದ ಒಣಕಡ್ಡಿಗಳು ಇರುವ ಜಾಗ ಒಳ್ಳೆಯದು. ಮೈಸೂರಿನ ಕುಕ್ಕರಹಳ್ಳಿ ಕೆರೆಯಂತಹ ದೊಡ್ಡ ಕೆರೆಯೇ ಆಗಬೇಕೆಂದಿಲ್ಲ. ಗೋಕಟ್ಟೆ, ಕಲ್ಯಾಣಿ, ಕೃಷಿಹೊಂಡಗಳಲ್ಲಿಯೂ ಹುಡುಕಿ ನೋಡಬಹುದು. ಏರಿಯ ಕಡೆಗಿಂತ, ನೀರು ಕ್ರಮೇಣ ಆಳವಾಗುತ್ತ ಹೋಗುವ ಹಿನ್ನೀರಿನ ಅಂಗಳದ ಕಡೆ ನೋಡುವುದು ಲೇಸು, ಏಕೆಂದರೆ ಏರಿಯುದ್ದಕ್ಕೂ ಕಲ್ಲು ಕಟ್ಟಿದ ಕಡೆ ಗಿಡಗಂಟಿ ಬೆಳೆಯಲು ಎಡೆಯಿರುವುದಿಲ್ಲ. ಇಡೀ ಕೆರೆಗೆ ಅಂತರಗಂಗೆ ಹಬ್ಬಿಕೊಂಡು ತೆರೆದ ನೀರೇ ಕಾಣದಿದ್ದರೆ ಆ ಕೆರೆಯನ್ನು ಬಿಟ್ಟು ಮುಂದೆ ಹೋಗಿ. ಮೇಲಿನಿಂದ ನೀರಿನ ಹೊಳಪು ಕಾಣಿಸಿದರೆ ಮಾತ್ರ ಈ ಕೀಟಗಳಿಗೆ ಅದು ನೀರೆಂದು ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ ಇವು ಹೆಚ್ಚು ಕಾಣುತ್ತವೆ. ದಿನದ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿಲೇರಿದ ಮೇಲೆ, ಎಂದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗಿನ ಹೊತ್ತು ಅತ್ಯುತ್ತಮ. ಹಕ್ಕಿ ನೋಡುವವರಂತೆ ನಸುಕಿನಲ್ಲೇ ಹೋಗಿ ಕೂರಬೇಕಾಗಿಲ್ಲ, ಏಕೆಂದರೆ ಹಾರಾಟದ ಸ್ನಾಯುಗಳು ಕಾಯದೆ ಏರೋಪ್ಲೇನ್ ಚಿಟ್ಟೆ ಕೆಲಸಕ್ಕಿಳಿಯುವುದಿಲ್ಲ. ಪೊರೆ ಕಳಚುವುದನ್ನು ನೋಡಬೇಕೆಂದರೆ ಮಾತ್ರ ಬೆಳಗಿನ ಜಾವ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಮೋಡ ಕವಿದ, ಗಾಳಿ ಜೋರಾಗಿರುವ ದಿನಗಳಲ್ಲಿ ಕಡ್ಡಿ ಖಾಲಿಯಿದ್ದರೆ ಅಚ್ಚರಿಪಡಬೇಕಿಲ್ಲ.

ಗುರುತು ಖಚಿತಪಡಿಸಿಕೊಳ್ಳುವುದು

ಗಾತ್ರ ಮೊದಲ ಸುಳಿವು. ಮೈಯುದ್ದ ಸುಮಾರು 7 ಸೆಂಟಿಮೀಟರ್, ರೆಕ್ಕೆ ಚಾಚಿದಾಗಿನ ಅಗಲ ಎಂಟು ಸೆಂಟಿಮೀಟರಿಗೂ ಮಿಕ್ಕಿ. ಎದೆಯ ಮೇಲೆ ಕಪ್ಪು ಮತ್ತು ಹಸಿರುಮಿಶ್ರಿತ ಹಳದಿ ಪಟ್ಟೆಗಳು, ಕಪ್ಪು ಹೊಟ್ಟೆಯ ಮೇಲೆ ಹಳದಿ ಮಚ್ಚೆಗಳು, ಮುಳ್ಳುಳ್ಳ ಗಟ್ಟಿಮುಟ್ಟಾದ ಕಪ್ಪು ಕಾಲುಗಳು, ಬಣ್ಣವಿಲ್ಲದ ಪಾರದರ್ಶಕ ರೆಕ್ಕೆಗಳು. ಇಷ್ಟರಿಂದ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ಎರಡು ಅಂಗಗಳನ್ನು ಗಮನವಿಟ್ಟು ನೋಡಬೇಕು.

ಒಂದು, ಕಣ್ಣುಗಳು. ಹೆಚ್ಚಿನ ಏರೋಪ್ಲೇನ್ ಚಿಟ್ಟೆಗಳ ಎರಡು ಸಂಯುಕ್ತ ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಗುಲಿಕೊಂಡಿರುತ್ತವೆ. ಕ್ಲಬ್‌ಟೇಲ್ ಸೇರಿದ ಗೊಂಫಿಡೇ ಕುಟುಂಬದಲ್ಲಿ ಅವುಗಳ ನಡುವೆ ಸ್ಪಷ್ಟ ಅಂತರವಿರುತ್ತದೆ. ಮುಂದಿನಿಂದ ಅಥವಾ ಮೇಲಿನಿಂದ ಒಂದು ಒಳ್ಳೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ನೀಲಿಬೂದು ಬಣ್ಣದ ಕಣ್ಣುಗಳು ದೂರದೂರ ಇರುವುದು ಕಾಣುತ್ತದೆ. ಎರಡು, ಬಾಲದ ತುದಿ. ಹೊಟ್ಟೆಯ ಹತ್ತು ಖಂಡಗಳ ಪೈಕಿ ಎಂಟನೆಯದರ ಎರಡೂ ಬದಿಗಳಲ್ಲಿ ಚಿಕ್ಕ ಎಲೆಯಾಕಾರದ ಕಪ್ಪು ಚಾಚುಗಳಿದ್ದು, ಅದರಿಂದ ಬಾಲದ ತುದಿ ಉಬ್ಬಿದಂತೆ ಕಾಣುತ್ತದೆ. ಈ ಎರಡೂ ಲಕ್ಷಣಗಳು ಒಟ್ಟಿಗೆ ಇದ್ದು, ಕೀಟ ಕೆರೆಯಂಚಿನ ಕಡ್ಡಿಯ ಮೇಲೆ ಕುಳಿತಿದ್ದರೆ ಸಂಶಯಕ್ಕೆ ಹೆಚ್ಚು ಆಸ್ಪದವಿಲ್ಲ.

ಗೊಂದಲಕ್ಕೆ ಎಡೆಮಾಡುವವು ಮುಖ್ಯವಾಗಿ ಎರಡು. ಅನಾಕ್ಸ್ ಗುಟ್ಟಾಟಸ್ ಎಂಬ ಹಸಿರು ಎದೆಯ, ಹೊಟ್ಟೆಯ ಬುಡದಲ್ಲಿ ನೀಲಿಯಿರುವ ದೊಡ್ಡ ಬಗೆ ಅದೇ ಕೆರೆಯ ಮೇಲೆ ಹಾರುತ್ತಿರಬಹುದು. ಆದರೆ ಅದು ಹಗಲಲ್ಲಿ ಕೂರುವುದೇ ಅಪರೂಪ. ಎಪೋಫ್ಥಾಲ್ಮಿಯಾ ವಿಟ್ಟಾಟಾ ಎಂಬುದು ಕಂದುಗಪ್ಪು ಮತ್ತು ಹಳದಿ ಬಣ್ಣದಿಂದಾಗಿ ದೂರಕ್ಕೆ ಕ್ಲಬ್‌ಟೇಲಿನಂತೆಯೇ ಕಾಣುತ್ತದಾದರೂ, ದಂಡೆಗುಂಟ ಹೋಗಿಬಂದು ಗಸ್ತು ಹೊಡೆಯುತ್ತಲೇ ಇರುತ್ತದೆ ಮತ್ತು ಅದರ ಕಣ್ಣುಗಳು ಕೂಡಿಕೊಂಡಿರುತ್ತವೆ. ಮಳೆಗೆ ಮುಂಚೆ ಮೈದಾನಗಳ ಮೇಲೆ ಗುಂಪುಗುಂಪಾಗಿ ಹಾರುವ ಹೊಂಬಣ್ಣದವು ಬೇರೆಯೇ ಪ್ರಭೇದ. ಅವು ಪಾಂಟಾಲಾ ಫ್ಲಾವೆಸೆನ್ಸ್ ಎಂಬ ವಲಸೆಗಾರ ಕೀಟಗಳು, ನಮ್ಮ ಕಡ್ಡಿಯ ಒಡೆಯನಿಗೂ ಅವಕ್ಕೂ ಸಂಬಂಧವಿಲ್ಲ.

ಗಂಡುಹೆಣ್ಣುಗಳನ್ನು ಬೇರ್ಪಡಿಸಲು ಪಕ್ಕದಿಂದ ತೆಗೆದ ಫೋಟೋ ಬೇಕು. ಗಂಡಿನ ಹೊಟ್ಟೆಯ ಎರಡನೆಯ ಖಂಡದ ಕೆಳಗೆ ಚಿಕ್ಕ ಉಬ್ಬು ಕಾಣುತ್ತದೆ. ಅದು ಅದರ ಕೂಡುವ ಅಂಗ. ಹೆಣ್ಣಿನ ಹೊಟ್ಟೆ ಹೆಚ್ಚು ದಪ್ಪವಾಗಿದ್ದು, ಆ ಉಬ್ಬು ಇರುವುದಿಲ್ಲ. ಆದರೆ ನೀರಿನಂಚಿನ ಕಡ್ಡಿಯನ್ನು ಹಿಡಿದು ಕೂತಿರುವುದು ಬಹುಪಾಲು ಗಂಡೇ.

ಕಡ್ಡಿಯ ಮುಂದೆ ಕೂರುವುದು

ಕಡ್ಡಿಯಿಂದ ನಾಲ್ಕೈದು ಮೀಟರ್ ದೂರದಲ್ಲಿ, ನಿಮ್ಮ ನೆರಳು ಕಡ್ಡಿಯ ಮೇಲಾಗಲಿ ಅದರ ಮುಂದಿನ ನೀರಿನ ಮೇಲಾಗಲಿ ಬೀಳದಂತೆ ಕುಳಿತುಕೊಳ್ಳಿ. ನಿಂತಿರುವುದಕ್ಕಿಂತ ನೆಲಕ್ಕೆ ತಾಗಿ ಕೂರುವುದು ಉತ್ತಮ, ಏಕೆಂದರೆ ಆಕಾಶದ ಹಿನ್ನೆಲೆಯಲ್ಲಿ ಎದ್ದುಕಾಣುವ ಆಕೃತಿಗಳಿಗೆ ಈ ಕಣ್ಣುಗಳು ಬಹುಬೇಗ ಎಚ್ಚರಗೊಳ್ಳುತ್ತವೆ. ಹತ್ತಿರ ಹೋಗಬೇಕೆನಿಸಿದರೆ, ಅದು ಬೇಟೆಗೆಂದು ಹಾರಿಹೋದ ಕ್ಷಣದಲ್ಲಿ ಎರಡು ಹೆಜ್ಜೆ ಸರಿದು ನಿಲ್ಲಿ. ಮರಳಿ ಬಂದಾಗ ನೀವು ಅಲ್ಲಾಡದಿದ್ದರೆ ಸಾಮಾನ್ಯವಾಗಿ ಅದೇ ಕಡ್ಡಿಗೆ ಇಳಿಯುತ್ತದೆ. ಹೀಗೆ ನಾಲ್ಕು ಬಾರಿ ಮಾಡಿದರೆ ಮೊಬೈಲಿನಲ್ಲಿಯೇ ಚಿತ್ರ ತೆಗೆಯುವಷ್ಟು ಸನಿಹಕ್ಕೆ ಹೋಗಬಹುದು. ಬೈನಾಕ್ಯುಲರ್ ಇದ್ದರೆ, ಎರಡು ಮೀಟರಿನಷ್ಟು ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುವಂಥದ್ದನ್ನು ಒಯ್ಯಿರಿ. ದೂರದ ಹಕ್ಕಿಗಳಿಗೆಂದು ಮಾಡಿದ ಕೆಲವು ಮಾದರಿಗಳು ಇಲ್ಲಿ ಕೆಲಸಕ್ಕೆ ಬಾರವು.

ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆದುಕೊಳ್ಳಿ: ಹಾರಿದ ಸಮಯ, ಯಾವುದರ ಹಿಂದೆ ಹಾರಿತು, ಎಷ್ಟು ಹೊತ್ತಿನಲ್ಲಿ ಮರಳಿತು, ಮರಳಿದಾಗ ಬಾಯಲ್ಲಿ ಏನಾದರೂ ಇತ್ತೇ. ಅರ್ಧ ಗಂಟೆ ಹೀಗೆ ಬರೆದರೆ, ಮೊದಲ ನೋಟಕ್ಕೆ ಒಂದೇ ತೆರನಾಗಿ ಕಂಡ ಹಾರಾಟಗಳು ಮೂರು ಬಗೆಯಾಗಿ ಬೇರ್ಪಡುತ್ತವೆ.

ಮೊದಲನೆಯದು ಬೇಟೆಯ ಹಾರಾಟ. ಹಾರುವ ಮುನ್ನ ತಲೆಯನ್ನು ನೋಡಿ. ಮೈ ಅಲುಗದೆ ಇರುವಾಗಲೇ ತಲೆ ಮಾತ್ರ ಚಕ್ಕನೆ ತಿರುಗಿ, ಆಕಾಶದಲ್ಲಿ ಹಾದುಹೋಗುವ ಯಾವುದೋ ಚುಕ್ಕೆಯನ್ನು ಹಿಂಬಾಲಿಸುತ್ತದೆ. ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಪ್ರತಿಯೊಂದು ಕಣ್ಣಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಿಡಿ ಮಸೂರಗಳಿರುತ್ತವೆ, ಮತ್ತು ಮೇಲ್ಭಾಗದ ಮಸೂರಗಳು ಆಕಾಶದ ನೀಲಿ ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆಯೊಂದನ್ನು ಗುರುತಿಸಲು ಹೊಂದಿಕೊಂಡಿವೆ. ಆದ್ದರಿಂದಲೇ ಅದು ಬೇಟೆಯ ಮೇಲೆ ಎರಗುವುದಿಲ್ಲ, ಬದಲಿಗೆ ಕೆಳಗಿನಿಂದ ಮೇಲಕ್ಕೆ ಹಾರಿ ಹಿಡಿಯುತ್ತದೆ. ಬೇಟೆ ಇರುವ ಕಡೆಗೆ ಅಲ್ಲ, ಅದು ಇನ್ನೊಂದು ಕ್ಷಣದಲ್ಲಿ ತಲುಪಲಿರುವ ಕಡೆಗೆ ದಾರಿ ಹಿಡಿಯುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಪಕ್ಕದಿಂದ ನೋಡುವವರಿಗೆ ಎರಡು ಗೆರೆಗಳು ಒಂದು ಬಿಂದುವಿನಲ್ಲಿ ಕೂಡಿದಂತೆ ತೋರುತ್ತದೆ. ನಾಲ್ಕು ರೆಕ್ಕೆಗಳಿಗೂ ಅವುಗಳದೇ ಸ್ನಾಯುಗಳು ನೇರವಾಗಿ ಬುಡಕ್ಕೆ ಜೋಡಣೆಯಾಗಿರುವುದರಿಂದ ಪ್ರತಿ ರೆಕ್ಕೆಯನ್ನೂ ಬೇರೆಬೇರೆಯಾಗಿ ಆಡಿಸಿ, ಇದ್ದಲ್ಲೇ ನಿಲ್ಲಲು, ಥಟ್ಟನೆ ತಿರುಗಲು, ಹಿಂದಕ್ಕೆ ಸರಿಯಲು ಅದಕ್ಕೆ ಸಾಧ್ಯ. ಕಾಲುಗಳು ಮುಂದಕ್ಕೆ ಚಾಚಿ ಬುಟ್ಟಿಯಂತಾಗುತ್ತವೆ. ಮುಳ್ಳುಗಳ ನಡುವೆ ಸಿಕ್ಕಿದ್ದು ತಪ್ಪಿಸಿಕೊಳ್ಳುವುದು ಕಷ್ಟ. ಸಣ್ಣ ನೊಣ ಸಿಕ್ಕರೆ ಹಾರುತ್ತಲೇ ತಿಂದುಬಿಡುತ್ತದೆ. ಚಿಟ್ಟೆ, ಜೇನುನೊಣ ಅಥವಾ ತನಗಿಂತ ಚಿಕ್ಕ ಏರೋಪ್ಲೇನ್ ಚಿಟ್ಟೆ ಸಿಕ್ಕರೆ ಕಡ್ಡಿಗೆ ತಂದು, ಮೊದಲು ತಲೆ, ಆಮೇಲೆ ಎದೆ ಎಂಬಂತೆ ಅಗಿಯುತ್ತದೆ. ರೆಕ್ಕೆಗಳು ನೀರಿಗೆ ಉದುರುತ್ತವೆ. ಕಡ್ಡಿಯ ಕೆಳಗೆ ತೇಲುವ ರೆಕ್ಕೆಗಳನ್ನು ಕಂಡರೆ ಫೋಟೋ ತೆಗೆದಿಟ್ಟುಕೊಳ್ಳಿ. ಅದರ ಆಹಾರವೇನೆಂದು ತಿಳಿಯಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ಎರಡನೆಯದು ಜಗಳದ ಹಾರಾಟ. ಕಡ್ಡಿಯ ಎಡಬಲಕ್ಕೆ ಕೆಲವು ಮೀಟರುಗಳಷ್ಟು ದಂಡೆ ಆ ಗಂಡಿನ ಸೊತ್ತು. ತನ್ನದೇ ಜಾತಿಯ ಇನ್ನೊಂದು ಗಂಡು ಒಳಬಂದರೆ ಅದು ನೇರವಾಗಿ ಮೇಲೇರಿ ಹೋಗುತ್ತದೆ. ಎರಡೂ ಸುತ್ತುತ್ತ ಮೇಲಕ್ಕೆ ಹೋಗುವಾಗ ರೆಕ್ಕೆಗಳು ತಾಗಿದ ಒಣ ಪಟಪಟ ಸದ್ದು ದಂಡೆಯಲ್ಲಿ ಕೂತವರಿಗೂ ಕೇಳುತ್ತದೆ. ಸೋತದ್ದು ದೂರ ಹೋಗುತ್ತದೆ, ಗೆದ್ದದ್ದು ಕಡ್ಡಿಗೆ ಮರಳುತ್ತದೆ. ಮರಳಿದ್ದು ಮೊದಲಿನದೇ ಅಥವಾ ಹೊಸಬನೇ ಎಂದು ತಿಳಿಯಲು ಹಾರುವ ಮುನ್ನವೇ ರೆಕ್ಕೆಯ ಅಂಚಿನ ಹರಕುಗಳನ್ನು ಚಿತ್ರ ಬರೆದುಕೊಂಡಿರಬೇಕು. ವಯಸ್ಸಾದಂತೆ ರೆಕ್ಕೆ ಸವೆದು ಅಲ್ಲಲ್ಲಿ ಹರಿಯುತ್ತದೆ, ಮತ್ತು ಯಾವ ಎರಡು ಕೀಟಗಳ ಹರಕೂ ಒಂದೇ ತೆರನಾಗಿರುವುದಿಲ್ಲ. ಬಣ್ಣ ಹಚ್ಚಿ ಗುರುತು ಮಾಡುವುದು ಸಂಶೋಧಕರ ಕೆಲಸ. ನಮಗೆ ಈ ಹರಕು ಸಾಕು. ಒಂದು ಕಡ್ಡಿ ವಾರದೊಳಗೆ ಎಷ್ಟು ಒಡೆಯರನ್ನು ಕಂಡಿತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮೂರನೆಯದು ಹುಸಿ ಹಾರಾಟ: ತೇಲಿಬಂದ ಎಲೆ, ಹತ್ತಿಯ ಎಳೆ, ಯಾರೋ ಎಸೆದ ಚಿಕ್ಕ ಕಲ್ಲು, ಇವುಗಳ ಹಿಂದೆಯೂ ಅದು ಹಾರುತ್ತದೆ, ಆದರೆ ಹತ್ತಿರ ಹೋದೊಡನೆ ತಿಳಿದುಕೊಂಡು ಹಿಂತಿರುಗುತ್ತದೆ. ಪರೀಕ್ಷಿಸಲು ಒಂದು ಬಾರಿ ಹರಳೆಸೆದು ನೋಡಬಹುದು. ಅದನ್ನೇ ಆಟವಾಗಿ ಮುಂದುವರಿಸಿದರೆ ಕೀಟಕ್ಕೆ ಶ್ರಮ, ನಿಮ್ಮ ಅಂಕಣಗಳಿಗೂ ಅರ್ಥವಿಲ್ಲ.

ನಡುಹಗಲಿನಲ್ಲಿ ಒಂದು ವಿಚಿತ್ರ ಭಂಗಿಯನ್ನು ತಪ್ಪದೆ ನೋಡಿ. ಸೂರ್ಯ ನೆತ್ತಿಗೇರುತ್ತಿದ್ದಂತೆ ಅದು ಬಾಲವನ್ನು ಮೇಲಕ್ಕೆತ್ತಿ, ತುದಿ ಸೂರ್ಯನತ್ತ ಇರುವಂತೆ, ಹೆಚ್ಚುಕಡಿಮೆ ತಲೆಕೆಳಗಾಗಿ ನಿಲ್ಲುತ್ತದೆ. ಹೀಗೆ ನಿಂತಾಗ ಬಿಸಿಲಿಗೆ ಒಡ್ಡಿಕೊಳ್ಳುವ ಮೈಭಾಗ ಬಹಳ ಕಡಿಮೆಯಾಗಿ, ಕಡ್ಡಿಯನ್ನು ಬಿಟ್ಟುಕೊಡದೆಯೇ ಮೈ ಕಾಯುವುದನ್ನು ತಡೆಯಬಹುದು. ಬಾಲ ಯಾವ ಗಂಟೆಗೆ ಏರಿತು, ಯಾವ ಗಂಟೆಗೆ ಇಳಿಯಿತು, ಮೋಡ ಅಡ್ಡ ಬಂದಾಗ ಏನಾಯಿತು ಎಂದು ಬರೆದುಕೊಳ್ಳಿ. ಒಂದು ಥರ್ಮಾಮೀಟರ್ ನೆರಳಿನಲ್ಲಿ ನೇತುಹಾಕಿದರೆ ಶಾಲಾ ಮಕ್ಕಳಿಗೂ ಮಾಡಬಹುದಾದ ಅಚ್ಚುಕಟ್ಟಾದ ಪ್ರಯೋಗವಿದು.

ಕಡ್ಡಿಯ ಮೇಲೆ ಕುಳಿತವನಿಗೂ ಶತ್ರುಗಳಿದ್ದಾರೆ. ಕಳ್ಳಿಪೀರಗಳು ಹಾರುವ ಕೀಟಗಳನ್ನೇ ಅವಲಂಬಿಸಿದ ಹಕ್ಕಿಗಳು. ಶ್ರೀರಂಗಪಟ್ಟಣದ ಸುತ್ತಮುತ್ತ ಕಾವೇರಿಯ ಮಣ್ಣುದಂಡೆಗಳಲ್ಲಿ ಗೂಡು ತೋಡುವ ನೀಲಿಬಾಲದ ಕಳ್ಳಿಪೀರಗಳ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ಆಗಾಗ ಕಾಣುತ್ತವೆ. ಹಕ್ಕಿ ಅದನ್ನು ಕೊಂಬೆಗೆ ಬಡಿದು ಮರಿಗೆ ಕೊಡುತ್ತದೆ. ಜೇಡರ ಬಲೆ, ಕಪ್ಪೆ, ಮತ್ತು ತನಗಿಂತ ಬಲಶಾಲಿಯಾದ ಇನ್ನೊಂದು ಏರೋಪ್ಲೇನ್ ಚಿಟ್ಟೆ ಇವೂ ಆ ಪಟ್ಟಿಯಲ್ಲಿವೆ.

ಹೆಣ್ಣು ಬಂದಾಗ

ಹೆಣ್ಣು ನೀರಿಗೆ ಬರುವುದು ಕೂಡಲು ಮತ್ತು ಮೊಟ್ಟೆಯಿಡಲು ಮಾತ್ರ. ಉಳಿದ ಹೊತ್ತು ದೂರದ ಪೊದೆ, ಹೊಲ, ತೋಪುಗಳಲ್ಲಿ ಬೇಟೆಯಾಡಿಕೊಂಡಿರುತ್ತದೆ. ಆದ್ದರಿಂದ ಈ ಭಾಗಕ್ಕೆ ಅದೃಷ್ಟವೂ ಬೇಕು. ಹೆಣ್ಣು ದಂಡೆಗೆ ಬಂದ ಕ್ಷಣವೇ ಗಂಡು ಕಡ್ಡಿ ಬಿಟ್ಟು ಹಾರಿ, ಬಾಲದ ತುದಿಯ ಚಿಮಟಿಗೆಗಳಿಂದ ಅದರ ತಲೆಯ ಹಿಂಭಾಗವನ್ನು ಹಿಡಿಯುತ್ತದೆ. ಹೆಣ್ಣು ತನ್ನ ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ ಗಂಡಿನ ಎರಡನೆಯ ಖಂಡದ ಅಂಗಕ್ಕೆ ಕೂಡಿಸುತ್ತದೆ. ಜೋಡಿ ಒಂದು ಉಂಗುರದಂತೆ ಹಾರುತ್ತ ಮರಗಳತ್ತ ಸರಿದುಬಿಡುತ್ತದೆ. ಗಂಡಿನ ವೀರ್ಯ ಹುಟ್ಟುವುದು ಒಂಬತ್ತನೆಯ ಖಂಡದಲ್ಲಿ, ಕೂಡುವ ಅಂಗವಿರುವುದು ಎರಡನೆಯದರಲ್ಲಿ. ಹಾಗಾಗಿ ಅದು ಮೊದಲೇ ವೀರ್ಯವನ್ನು ಅಲ್ಲಿಂದ ಇಲ್ಲಿಗೆ ವರ್ಗಾಯಿಸಿಕೊಂಡಿರಬೇಕಾಗುತ್ತದೆ. ಕೀಟಲೋಕದಲ್ಲಿ ಈ ಏರ್ಪಾಡು ಏರೋಪ್ಲೇನ್ ಚಿಟ್ಟೆ ಮತ್ತು ಅದರ ತೆಳುಮೈಯ ಸೋದರರಾದ ಡ್ಯಾಮ್ಸೆಲ್‌ಫ್ಲೈಗಳಲ್ಲಿ ಮಾತ್ರ ಇದೆ.

ಮೊಟ್ಟೆಯಿಡುವಾಗ ಹೆಣ್ಣು ಎಲ್ಲಿಯೂ ಕೂರುವುದಿಲ್ಲ. ತೇಲುವ ಎಲೆ ಅಥವಾ ಮುಳುಗಿದ ಕೊಂಬೆಯ ಬಳಿ ಕೆಳಮಟ್ಟದಲ್ಲಿ ಹಾರುತ್ತ ಬಾಲದ ತುದಿಯನ್ನು ಪದೇಪದೇ ನೀರಿಗೆ ತಾಗಿಸುತ್ತದೆ. ಆ ಜಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮರಿಗಳನ್ನು ಹುಡುಕುವಾಗ ಬೇಕಾಗುತ್ತದೆ. ಈ ಪ್ರಭೇದದ ಮೊಟ್ಟೆಯ ಒಂದು ತುದಿಯಲ್ಲಿ ಸುರುಳಿ ಸುತ್ತಿದ ಸೂಕ್ಷ್ಮ ಎಳೆಗಳಿದ್ದು, ನೀರಿಗೆ ಬಿದ್ದೊಡನೆ ಬಿಚ್ಚಿಕೊಂಡು ಗಿಡದ ದಂಟಿಗೋ ಬೇರಿಗೋ ಸಿಕ್ಕಿಕೊಳ್ಳುತ್ತವೆ. ಇದರಿಂದ ಮೊಟ್ಟೆ ಉಸಿರುಗಟ್ಟಿಸುವ ಹೂಳಿನಲ್ಲಿ ಹೂತುಹೋಗುವುದು ತಪ್ಪುತ್ತದೆ. ನಾಗಪುರದ ಪ್ರಾಣಿಶಾಸ್ತ್ರಜ್ಞರು ಈ ಮೊಟ್ಟೆಯ ಹೊರಕವಚವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 1992ರಲ್ಲಿ ವಿವರಿಸಿದ್ದಾರೆ. ಬರಿಗಣ್ಣಿಗೆ ಇದು ಕಾಣದಿದ್ದರೂ, ಕೆರೆಯ ನೀರ್ಗಿಡಗಳನ್ನೆಲ್ಲ ಒಂದೇ ಸಲಕ್ಕೆ ಕಿತ್ತೆಸೆದಾಗ ಏನಾಗುತ್ತದೆಂದು ಊಹಿಸಲು ಈ ಒಂದು ವಿವರ ಸಾಕು.

ಇಲ್ಲಿ ಒಂದು ಮಾತು ಹೇಳಬೇಕು. ಕೆಲವೊಮ್ಮೆ ಏರೋಪ್ಲೇನ್ ಚಿಟ್ಟೆಗಳು ನಿಂತ ಕಾರಿನ ಬಾನೆಟ್‌ಗೆ ಅಥವಾ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಾಳೆಗೆ ಬಾಲ ತಾಗಿಸುವುದನ್ನು ಕಾಣಬಹುದು. ಈ ಕೀಟಗಳು ನೀರನ್ನು ಗುರುತಿಸುವುದು ಅದರಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕಿನಿಂದ, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಿಂದ. ಹೊಳೆಯುವ ಕಡುಬಣ್ಣದ ಮೇಲ್ಮೈಯೂ ಅದೇ ಬಗೆಯ ಬೆಳಕನ್ನು ಹೊಮ್ಮಿಸುತ್ತದೆ. ಕೆರೆಯ ಪಕ್ಕದಲ್ಲಿ ವಾಹನ ನಿಲ್ಲಿಸುವವರು ಸ್ವಲ್ಪ ದೂರದಲ್ಲಿ, ನೆರಳಿನಲ್ಲಿ ನಿಲ್ಲಿಸಿದರೆ ಒಳಿತು.

ನೀರಿನೊಳಗಿನ ಕಾಲ

ರೆಕ್ಕೆ ಬಂದ ಮೇಲಿನ ಬದುಕು ಕೆಲವೇ ವಾರಗಳದು. ನೀರಿನೊಳಗಿನ ಬದುಕು ತಿಂಗಳುಗಟ್ಟಲೆ. ಆದರೂ ಗಮನಿಸುವವರು ಈ ಹಂತವನ್ನು ಬಿಟ್ಟುಬಿಡುವುದೇ ಹೆಚ್ಚು. ಮರಿಯನ್ನು ನೋಡಲು ಬೇಕಾದವು ಅಡುಗೆಮನೆಯ ದೊಡ್ಡ ಜರಡಿ, ಬಿಳಿಯ ತಟ್ಟೆ, ಒಂದು ಚಮಚ ಇಷ್ಟೇ. ದಂಡೆಯ ಮೊಣಕಾಲಾಳದ ನೀರಿನಲ್ಲಿ ಕೊಳೆತ ಎಲೆಗಳ ಪದರವನ್ನು ಜರಡಿಯಿಂದ ಮೆಲ್ಲಗೆ ಎತ್ತಿ, ಕೆರೆಯ ನೀರನ್ನೇ ತುಂಬಿದ ತಟ್ಟೆಗೆ ಸುರಿದು, ಎರಡು ನಿಮಿಷ ಅಲುಗಾಡಿಸದೆ ಬಿಡಿ. ಹೂಳು ತಳಕ್ಕಿಳಿದಂತೆ, ಎಲೆಯ ಚೂರೆಂದುಕೊಂಡದ್ದು ನಡೆಯತೊಡಗುತ್ತದೆ. ಕ್ಲಬ್‌ಟೇಲಿನ ಮರಿಯ ಹೊಟ್ಟೆ ಬಹಳ ಅಗಲವಾಗಿ, ಚಪ್ಪಟೆಯಾಗಿ, ದುಂಡಗಿದ್ದು, ಕಾಲುಗಳು ಉದ್ದವಾಗಿರುತ್ತವೆ. ಕೆರೆಯ ಇತರ ಹೆಚ್ಚಿನ ಮರಿಗಳಲ್ಲಿ ಮುಖವನ್ನು ಮುಚ್ಚುವ ಕೆಳತುಟಿ ಸೌಟಿನಾಕಾರದಲ್ಲಿದ್ದರೆ ಇದರದು ಚಪ್ಪಟೆ.

ಆ ಕೆಳತುಟಿಯೇ ಅದರ ಆಯುಧ. ಮಡಿಸಿಟ್ಟ ಕೀಲಿನಂತೆ ತಲೆಯ ಕೆಳಗೆ ಅಡಗಿರುವ ಅದನ್ನು ಕಣ್ಣೆವೆಯಿಕ್ಕುವುದರೊಳಗೆ ಮುಂದಕ್ಕೆ ಚಿಮ್ಮಿಸಿ, ತುದಿಯ ಕೊಕ್ಕೆಗಳಿಂದ ಸೊಳ್ಳೆಮರಿ, ಗೊದಮೊಟ್ಟೆ, ಸಣ್ಣ ಮೀನುಮರಿಗಳನ್ನು ಎಳೆದುಕೊಳ್ಳುತ್ತದೆ. ತಟ್ಟೆಯಲ್ಲಿ ಒಂದೆರಡು ಸೊಳ್ಳೆಮರಿಗಳನ್ನು ಬಿಟ್ಟು ಕಾದರೆ ಇದನ್ನು ನೋಡಬಹುದು. ಮೊಬೈಲಿನ ಸ್ಲೋ ಮೋಷನ್ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಚಮಚದಿಂದ ಹಿಂದೆ ಮುಟ್ಟಿದರೆ ಅದು ಕಾಲಾಡಿಸದೆ ಮುಂದಕ್ಕೆ ನುಗ್ಗುವುದೂ ಕಾಣುತ್ತದೆ. ಅದರ ಕಿವಿರುಗಳಿರುವುದು ಗುದನಾಳದೊಳಗೆ. ಉಸಿರಾಟಕ್ಕೆಂದು ಒಳಗೆಳೆದ ನೀರನ್ನು ರಭಸದಿಂದ ಹೊರದೂಡಿ ಅದು ಹೀಗೆ ಮುಂದೆ ಚಿಮ್ಮುತ್ತದೆ. ನೋಡಿದ ಹತ್ತು ನಿಮಿಷದೊಳಗೆ, ತಟ್ಟೆಯ ನೀರು ಬಿಸಿಯೇರುವ ಮುನ್ನ, ಎತ್ತಿದ ಜಾಗಕ್ಕೇ ಎಲೆಗಳ ಸಮೇತ ಹಿಂದಿರುಗಿಸಿ. ಮನೆಗೆ ತಂದು ಅಕ್ವೇರಿಯಂನಲ್ಲಿ ಸಾಕುವುದನ್ನು ನಾನು ಸಲಹೆ ಮಾಡುವುದಿಲ್ಲ: ದಿನವೂ ಜೀವಂತ ಆಹಾರ ಬೇಕು, ಒಂದೇ ತೊಟ್ಟಿಯಲ್ಲಿ ಎರಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಕೆರೆಯ ಕೆಸರಿಗೆ ಒಬ್ಬರೇ ಇಳಿಯಬೇಡಿ. ಹೂಳಿನ ಆಳ ಮೇಲಿನಿಂದ ತಿಳಿಯುವುದಿಲ್ಲ, ನೀರೊಳ್ಳೆ ಹಾವುಗಳೂ ಅದೇ ಜೊಂಡಿನಲ್ಲಿರುತ್ತವೆ. ನೀರೊಳ್ಳೆಗೆ ವಿಷವಿಲ್ಲದಿದ್ದರೂ ಕಚ್ಚಿದರೆ ಗಾಯವಾಗುತ್ತದೆ. ಕೊಳಚೆ ಸೇರುವ ಕೆರೆಯಾಗಿದ್ದರೆ ಈ ಹಂತವನ್ನೇ ಕೈಬಿಡಿ.

ಪೊರೆ ಹುಡುಕುವುದು

ಪೂರ್ತಿ ಬೆಳೆದ ಮರಿ ತಿನ್ನುವುದನ್ನು ನಿಲ್ಲಿಸಿ ದಂಡೆಗೆ ಬಂದು, ಜೊಂಡಿನ ದಂಟು, ಮರದ ಬುಡ, ತೂಬಿನ ಗೋಡೆ, ಕಲ್ಲು ಹೀಗೆ ಸಿಕ್ಕಿದ ಆಸರೆಯನ್ನು ಹಿಡಿದು ನೀರಿನಿಂದ ಹೊರಬರುತ್ತದೆ. ಬೆನ್ನಿನ ಮೇಲೆ ಚರ್ಮ ಸೀಳಿ, ಎದೆ, ತಲೆ, ಕಾಲುಗಳು ಹೊರಬರುತ್ತವೆ. ಇತರ ಹಲವು ಏರೋಪ್ಲೇನ್ ಚಿಟ್ಟೆಗಳು ಈ ಹಂತದಲ್ಲಿ ತಲೆ ಹಿಂದಕ್ಕೆ ಮಾಡಿ ಜೋತುಬಿದ್ದು ಕಾಲು ಗಟ್ಟಿಯಾಗುವವರೆಗೆ ಕಾಯುತ್ತವೆ. ಕ್ಲಬ್‌ಟೇಲ್ ಕುಟುಂಬದವು ಜೋತುಬೀಳದೆ ನೆಟ್ಟಗೇ ನಿಂತು ಹೊರಬರುತ್ತವೆ. ಬಳಿಕ ಮುದುಡಿದ ರೆಕ್ಕೆಗಳು ನಿಧಾನವಾಗಿ ಉಬ್ಬಿ, ಹೊಟ್ಟೆ ಉದ್ದವಾಗಿ, ಮೈ ಒಣಗಿ, ಮೊದಲ ಹಾರಾಟ ನಡೆಯುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಓಡುವ ಶಕ್ತಿಯಿಲ್ಲ. ಕಾಗೆ, ಇರುವೆ, ಗಾಳಿ ಎಲ್ಲವೂ ಅಪಾಯವೇ. ಇದನ್ನು ಕಾಣಲು ಬೆಳಕು ಹರಿಯುವ ಮೊದಲೇ ದಂಡೆಯಲ್ಲಿರಿ, ಕೆಂಪು ಕಾಗದ ಕಟ್ಟಿದ ಟಾರ್ಚ್ ಬಳಸಿ, ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಒದ್ದೆ ರೆಕ್ಕೆಗೆ ಬೆರಳು ತಾಗಿದರೆ ಅದು ಹಾಗೆಯೇ ಮುದುಡಿ ಒಣಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಇಷ್ಟು ಬೇಗ ಏಳಲಾಗದವರಿಗೆ ಬಿಟ್ಟುಹೋದ ಪೊರೆ ಇದ್ದೇ ಇದೆ. ಒಣಗಿದ ಕಂದು ಪೊರೆ, ಬೆನ್ನಿನಲ್ಲಿ ಸೀಳು, ಸೀಳಿನಿಂದ ಹೊರಚಾಚಿದ ಬಿಳಿಯ ಎಳೆಗಳು. ಆ ಎಳೆಗಳು ಉಸಿರುನಾಳಗಳ ಒಳಪದರ. ಬೆಂಕಿಪೊಟ್ಟಣದಲ್ಲಿ ಹತ್ತಿಯಿಲ್ಲದೆ ಇಟ್ಟು, ಮೇಲೆ ದಿನಾಂಕ ಮತ್ತು ಜಾಗ ಬರೆಯಿರಿ. ಪಕ್ಷಿಧಾಮ ಅಥವಾ ಅರಣ್ಯ ಇಲಾಖೆಯ ಪ್ರದೇಶವಾಗಿದ್ದರೆ ಏನನ್ನೂ ಎತ್ತಿಕೊಳ್ಳದೆ ಚಿತ್ರ ಮಾತ್ರ ತೆಗೆಯಿರಿ. ಹಾರಿಬಂದ ಏರೋಪ್ಲೇನ್ ಚಿಟ್ಟೆ ಯಾವ ಕೆರೆಯಿಂದಲಾದರೂ ಬಂದಿರಬಹುದು, ಪೊರೆ ಮಾತ್ರ ಈ ಕೆರೆಯಲ್ಲೇ ಅದು ಹುಟ್ಟಿ ಬೆಳೆಯಿತೆಂಬುದಕ್ಕೆ ಸಾಕ್ಷಿ. ಆದ್ದರಿಂದ ಒಂದು ಕೆರೆ ಬದುಕಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಹಾರುವವನ್ನು ಎಣಿಸುವುದಕ್ಕಿಂತ ಪೊರೆಗಳನ್ನು ಎಣಿಸುವುದನ್ನೇ ನಂಬುತ್ತೇನೆ. ಹೊಸದಾಗಿ ಹೊರಬಂದವು ಮಾಸಲು ಬಣ್ಣದ, ಮಿರುಗುವ ರೆಕ್ಕೆಯವಾಗಿದ್ದು ಪ್ರಾಯಕ್ಕೆ ಬರುವವರೆಗೆ ನೀರಿನಿಂದ ದೂರವೇ ಇರುತ್ತವೆ. ತೋಟದಲ್ಲಿ, ಹೊಂಗೆ ಮರದಡಿಯಲ್ಲಿ ಕಂಡರೆ ದಾರಿತಪ್ಪಿ ಬಂದವೆಂದು ತಿಳಿಯಬೇಡಿ.

ಕಡ್ಡಿ ನೆಡುವುದು ಮತ್ತು ದಾಖಲೆ ಇಡುವುದು

ಕುಳಿತುಕೊಳ್ಳಲು ಒಳ್ಳೆಯ ಕಡ್ಡಿಯೇ ಇಲ್ಲದ ದಂಡೆಯಲ್ಲಿ ನೀವೇ ಒಂದನ್ನು ನೆಡಬಹುದು. ಬೆರಳುಗಾತ್ರದ ಒಣ ಬಿದಿರು ಅಥವಾ ಜಾಲಿಯ ಕೊಂಬೆಯನ್ನು, ದಂಡೆಯಿಂದ ಒಂದೆರಡು ಮೀಟರ್ ಒಳಗೆ, ನೀರಿನ ಮೇಲೆ ಅರ್ಧದಿಂದ ಒಂದು ಮೀಟರ್ ಎದ್ದಿರುವಂತೆ, ಸ್ವಲ್ಪ ಓರೆಯಾಗಿ ನಾಟಿ. ಸುತ್ತ ಜೊಂಡು ಎತ್ತರವಾಗಿದ್ದರೆ ಅಲ್ಲಿ ಬೇಡ. ಎದುರಿಗೆ ತೆರೆದ ನೀರು ಕಾಣುವಂತಿರಬೇಕು. ಹತ್ತು ಹೆಜ್ಜೆ ದೂರದಲ್ಲಿ ಬೇರೆ ಎತ್ತರದ ಇನ್ನೊಂದನ್ನು ನೆಟ್ಟರೆ ಯಾವ ಎತ್ತರ ಅದಕ್ಕೆ ಹೆಚ್ಚು ಒಪ್ಪುತ್ತದೆಂದು ಹೋಲಿಸಬಹುದು. ಕಬ್ಬಿಣದ ಸರಳು ಬೇಡ, ಬಿಸಿಲಿಗೆ ಕಾಯುತ್ತದೆ. ಬಲೆ ಬೀಸುವ ಮೀನುಗಾರರ ದಾರಿಯಲ್ಲಿ ನೆಡುವ ಮುಂಚೆ ಅವರನ್ನು ಕೇಳಿ. ಕೆರೆಯ ಆಳ, ಹೂಳು, ನೀರಿಳಿಯುವ ಕಾಲ ಇವೆಲ್ಲ ಅವರಿಗೆ ಗೊತ್ತಿರುತ್ತದೆ.

ಫೋಟೋಗಳನ್ನು ಮೂರು ಕೋನಗಳಿಂದ ತೆಗೆಯಿರಿ: ಕಣ್ಣಿನ ಅಂತರಕ್ಕೆ ಮುಂದಿನಿಂದ, ಪಟ್ಟೆ ಮತ್ತು ಲಿಂಗದ ಗುರುತಿಗೆ ಪಕ್ಕದಿಂದ, ಬಾಲದ ಚಾಚಿಗೆ ಮೇಲಿನಿಂದ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ದಿನಾಂಕ ಮತ್ತು ಸ್ಥಳದೊಡನೆ ಸೇರಿಸಿದರೆ ಬಲ್ಲವರು ಗುರುತನ್ನು ಖಚಿತಪಡಿಸುತ್ತಾರೆ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ, ಇದು ಕುಟುಕುವ ಕೀಟವಲ್ಲ, ಬಾಲದ ತುದಿಯಲ್ಲಿರುವುದು ಕೊಂಡಿಯಲ್ಲ ಎಂದು ಮೊದಲೇ ಹೇಳಿ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಹಳೆಯ ಆಟವನ್ನು ಬಿಡಿಸುವುದಕ್ಕೆ ಬೈಗುಳಕ್ಕಿಂತ, ಆ ಕೀಟವೇ ಗಾಳಿಯಲ್ಲಿ ನೊಣ ಹಿಡಿದು ಕಡ್ಡಿಗೆ ಮರಳುವುದನ್ನು ಒಮ್ಮೆ ತೋರಿಸುವುದು ಹೆಚ್ಚು ಪರಿಣಾಮಕಾರಿ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದು ನಿಮ್ಮ ಕಡ್ಡಿ ಒಣನೆಲದಲ್ಲಿ ನಿಂತರೆ, ಅದನ್ನು ಕಿತ್ತು ಹೊಸ ಅಂಚಿಗೆ ನೆಟ್ಟು, ನೀರಿನ ಅಂಚು ಎಷ್ಟು ಹೆಜ್ಜೆ ಸರಿಯಿತೆಂದು ಬರೆದುಕೊಳ್ಳಿ. ಮಳೆ ಬಂದು ಕೆರೆ ತುಂಬಿದ ದಿನ, ಅದರ ನಂತರ ದಂಡೆಯಲ್ಲಿ ಮೊದಲ ಪೊರೆ ಸಿಕ್ಕ ದಿನ, ಕಡ್ಡಿಯ ಮೇಲೆ ಮೊದಲ ಗಂಡು ಬಂದು ಕೂತ ದಿನ, ಈ ಮೂರು ದಿನಾಂಕಗಳನ್ನು ವರ್ಷವರ್ಷವೂ ಒಂದೇ ಪುಟದಲ್ಲಿ ಬರೆಯುತ್ತ ಹೋಗಿ.